ಗುಲಗಂಜಿ ತೂಕದ ಹಕಾರ

ನಮ್ಮ ಮನೆಗೆ ಸುಣ್ಣಬಣ್ಣ ಆದದ್ದು ಅವ್ವನ ಮಂಡಿಯ ದೆಸೆಯಿಂದ. ಎಪ್ಪತ್ತೊಂಬತ್ತು ವರ್ಷ ಸವೆದ ಬಲಮಂಡಿಯನ್ನು ತೆಗೆದು ಹೊಸದು ಹಾಕುತ್ತೇವೆಂದು ಮೈಸೂರಿನ ಡಾಕ್ಟರು ದಿನ ಕೊಟ್ಟಿದ್ದರು. ಆಪರೇಷನ್ ಆದಮೇಲೆ ನೆಂಟರು ನೋಡಲು ಬರುತ್ತಾರೆ, ಬಂದವರು ಒಂದು ಗಳಿಗೆ ಅವ್ವನ ಕಾಲು ನೋಡಿ ಆಮೇಲೆ ನಮ್ಮ ಗೋಡೆಯನ್ನೇ ನೋಡುತ್ತಾ ಕೂರುತ್ತಾರೆ ಎಂಬುದು ನನ್ನ ಹೆಂಡತಿ ರತ್ನಳ ತರ್ಕ. ಮೂವತ್ತು ವರ್ಷದ ದಾಂಪತ್ಯದಲ್ಲಿ ಅವಳ ತರ್ಕವನ್ನು ನಾನು ಎರಡು ಸಲ ಎದುರಿಸಿದ್ದೇನೆ. ಎರಡು ಸಲವೂ ಕೊನೆಗೆ ಬಣ್ಣದ ಅಂಗಡಿಗೆ ಹೋದವನು ನಾನೇ. ಆದ್ದರಿಂದ ಈ ಸಲ ಮಾತಿಲ್ಲದೆ ನೇರವಾಗಿ ಅಂಗಡಿಗೇ ಹೋದೆ.

ಬಣ್ಣದವರು ಬರುವ ಮೊದಲು ಅಟ್ಟ ಖಾಲಿಯಾಗಬೇಕು. ಅಪ್ಪನ ತಗಡಿನ ಟ್ರಂಕು ಕೆಳಗಿಳಿಯಿತು. ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು, ಟ್ರಂಕಿನ ಬೀಗ ತೆಗೆಯುವ ಮನಸ್ಸು ಯಾರಿಗೂ ಬಂದಿರಲಿಲ್ಲ. ಒಳಗೆ ಒಂದು ಉಣ್ಣೆಯ ಮಫ್ಲರು, ಕೊಂಬಿನ ಹಿಡಿಯ ಚಾಕು, ಎಮ್ಮೆಯ ಕುತ್ತಿಗೆಗೆ ಕಟ್ಟುತ್ತಿದ್ದ ಒಂದು ಗಂಟೆ, ತಳದಲ್ಲಿ ಎಲೆಯಡಿಕೆ ಡಬ್ಬಿ. ಡಬ್ಬಿಯೊಳಗೆ ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಒಂದು ಪುಟ್ಟ ಗಂಟು. ಅರಿಶಿನ ಬಿಳಿಚಿಕೊಂಡಿತ್ತು, ಗಂಟು ಮಾತ್ರ ಕಲ್ಲಿನಂತೆ ಬಿಗಿಯಾಗಿತ್ತು.

ನಮ್ಮ ಕಡೆಯವರಿಗೆ ಇದೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ನೀವು ಬೇರೆ ಸೀಮೆಯವರಾದರೆ ಕೇಳಿ. ಮನೆಯಲ್ಲಿ ಕಷ್ಟ ಬಂದಾಗ ದೇವರನ್ನು ನೆನೆದು, ಇಂಥದ್ದು ಮಾಡುತ್ತೇನೆ ಎಂದು ಹರಕೆ ಹೊತ್ತು, ಅದರ ಗುರುತಿಗೆ ಒಂದು ನಾಣ್ಯವನ್ನು ಅರಿಶಿನ ಬಟ್ಟೆಯಲ್ಲಿ ಕಟ್ಟಿ ಎತ್ತಿಡುತ್ತಾರೆ. ಇದು ಮುಡಿಪು. ಹರಕೆ ತೀರಿಸುವ ದಿನದವರೆಗೆ ಗಂಟು ಬಿಚ್ಚುವಂತಿಲ್ಲ. ಯಾವ ದೇವರು, ಏನು ಹರಕೆ ಎಂಬುದು ಕಟ್ಟಿದವರಿಗೇ ಗೊತ್ತು. ಅವರು ಹೇಳದೆ ಕಣ್ಣು ಮುಚ್ಚಿದರೆ ಅದು ವಿಳಾಸವಿಲ್ಲದ ಕಾಗದ.

ಅವ್ವ ಗಂಟನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಅಡುಗೆಮನೆಗೂ ಕೇಳಿಸುವಂತೆ ತೀರ್ಪು ಕೊಟ್ಟಳು.

"ಇದು ಯಾವ ದೇವ್ರುದು ಅಂತ ಗೊತ್ತಾಗಿ ತೀರೋವರ್ಗೂ ನಾನು ಕಾಲು ಕೊಡಾಕಿಲ್ಲ ಕಣಪ್ಪ. ದೇವ್ರಿಗೆ ಕೊಟ್ಟ ಮಾತು ಅಂಗೇ ಮಡಿಕ್ಕಂಡು ಡಾಕುಟ್ರ ಮುಂದೆ ಮಲಿಕ್ಕಳಕಾದದಾ?"

ಆಪರೇಷನ್ನಿಗೆ ಇನ್ನು ಎರಡು ವಾರ. ಒಂದು ಸಲ ಆಗಲೇ ಮುಂದಕ್ಕೆ ಹಾಕಿಸಿದ್ದಾಗಿತ್ತು. ಇನ್ನೊಮ್ಮೆ ತಪ್ಪಿಸಿದರೆ ಬೇರೆಯವರ ಸರದಿ ಮುಗಿಯುವ ತನಕ ಕಾಯಬೇಕೆಂದು ಡಾಕ್ಟರು ಹೇಳಿದ್ದರು. ಈಗಾಗಲೇ ಅವ್ವನಿಗೆ ಕೂತರೆ ಏಳಲು ಇಬ್ಬರು ಬೇಕಾಗಿತ್ತು. ಬಚ್ಚಲಿಗೆ ಹೋಗಿ ಬರುವಾಗ ನಡುವೆ ಗೋಡೆ ಹಿಡಿದು ನಿಂತು, ನಮಗೆ ಕಾಣದಂತೆ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಅದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತಿತ್ತು. ಈ ಮುದುಕಿಯ ಹಠ ಗೆಲ್ಲಬೇಕಾದರೆ ಗಂಟಿನ ದೇವರನ್ನು ಹುಡುಕುವುದೊಂದೇ ದಾರಿ ಎಂದು ನಾನೂ ಒಪ್ಪಿಕೊಂಡೆ.

ದೇವರೇನು ದೂರದವರಲ್ಲ. ನಮ್ಮ ಮನೆಗೆ ಇದ್ದದ್ದು ಇಬ್ಬರೇ. ತೊಂದರೆ ಇದ್ದದ್ದೂ ಅಲ್ಲೇ.

ಅಪ್ಪ ಬಿಳಿಗೆರೆ ಕಡೆಯವರು. ಮದುವೆಯಾದಮೇಲೆ ಎರಡು ಎಮ್ಮೆ ಹೊಡೆದುಕೊಂಡು ನಂಜನಗೂಡಿಗೆ ಬಂದು ಹೊಳೆಯ ಹತ್ತಿರ ಮನೆ ಮಾಡಿದರು. ಊರೇ ದಕ್ಷಿಣ ಕಾಶಿ, ನಂಜುಂಡೇಶ್ವರ ಬಾಗಿಲಲ್ಲೇ ಇದ್ದಾನೆ, ಇನ್ನೇನು ಬೇಕು ಎಂಬ ತೃಪ್ತಿ ಅವರದು. ಅವ್ವ ಹೆಮ್ಮಿಗೆಯವಳು, ಅಂದರೆ ನರಸೀಪುರದ ಸೀಮೆ. ಅಲ್ಲಿಯ ಗುಂಜಾ ನರಸಿಂಹಸ್ವಾಮಿ ಎರಡು ಬೆರಳಿನ ನಡುವೆ ಒಂದು ಗುಲಗಂಜಿ ಹಿಡಿದು ನಿಂತಿದ್ದಾನೆ. ಕಾಶಿಯನ್ನೂ ನರಸೀಪುರವನ್ನೂ ತಕ್ಕಡಿಯಲ್ಲಿಟ್ಟು ತೂಗಿದಾಗ ನರಸೀಪುರವೇ ಒಂದು ಗುಲಗಂಜಿ ತೂಕ ಹೆಚ್ಚು ಬಂತಂತೆ, ಅದರ ಸಾಕ್ಷಿಗೆ ಸ್ವಾಮಿ ಆ ಕಾಳನ್ನು ಕೈಬಿಟ್ಟಿಲ್ಲವಂತೆ. ಸೌಮ್ಯವಾದ ಊರುಗಳು. ಒಂದು ಊರು ತಾನು ಕಾಶಿಗೆ ಸಮ ಎಂದು ಸುಮ್ಮನಾಗುತ್ತದೆ, ಇನ್ನೊಂದು ಕಾಶಿಗಿಂತ ಒಂದೇ ಒಂದು ಕಾಳು ಜಾಸ್ತಿ ಎಂದು ಹೇಳಿ ಅಷ್ಟಕ್ಕೇ ನಿಲ್ಲಿಸುತ್ತದೆ. ಆದರೆ ಆ ಎರಡೂ ಊರಿನವರು ಒಂದೇ ಒಲೆಯ ಮುಂದೆ ಕೂತರೆ ಏನಾಗುತ್ತದೆ ಎಂಬುದನ್ನು ನಾನು ಹುಟ್ಟಿದಂದಿನಿಂದ ಕೇಳಿದ್ದೇನೆ.

ಅಪ್ಪನ ಪ್ರಶ್ನೆ ಯಾವಾಗಲೂ ಒಂದೇ: "ಕಾಶೀನ ಎತ್ತಿ ತಕ್ಕಡೀಲಿ ಮಡಗ್ದೋನು ಯಾವನಮ್ಮಿ?" ಗುಲಗಂಜಿ ತೂಕವನ್ನು ಯಾವ ಅಂಗಡಿಯವನು ಲೆಕ್ಕಕ್ಕೆ ಹಿಡಿಯುತ್ತಾನೆ ಎಂದೂ ಕೇಳುತ್ತಿದ್ದರು. ಅಕ್ಕಸಾಲಿಯ ಮುಂದೆ ಕೂತಾಗ ಅದೇ ಗುಲಗಂಜಿಗೆ ಜಗಳ ತೆಗೆಯುವವರು ನೀವೇ ಅಲ್ಲವೇ ಎಂದು ಅವ್ವ ಮುದ್ದೆ ತಿರುವುತ್ತಲೇ ಕೇಳುತ್ತಿದ್ದಳು. ಆಗ ಅಪ್ಪ ಹೊಳೆಗೆ ಇಳಿಯುತ್ತಿದ್ದರು. ಕಪಿಲೆ ಮೊದಲು ನಂಜನಗೂಡಿಗೆ ಬಂದು ಆಮೇಲೆ ನರಸೀಪುರಕ್ಕೆ ಹೋಗುವುದರಿಂದ, ನಾವು ಮಿಂದು ಬಿಟ್ಟ ನೀರಿನಲ್ಲಿ ನಿಮ್ಮ ದೇವರು ಸ್ನಾನ ಮಾಡುವುದು ಎಂಬುದು ಅವರ ದೊಡ್ಡ ಅಸ್ತ್ರ. ನಿಮ್ಮ ಹೊಳೆಗೇ ನಿಮ್ಮೂರಲ್ಲಿ ಪುಣ್ಯ ಸಾಲದೆ ಕಾವೇರಿಯನ್ನು ಕೂಡಲು ನಮ್ಮೂರಿಗೆ ಯಾತ್ರೆ ಬರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಇಷ್ಟು ಹೊತ್ತಿಗೆ ಮುದ್ದೆ ಆಗಿರುತ್ತಿತ್ತು. ಇಬ್ಬರೂ ಊಟಕ್ಕೆ ಕೂರುತ್ತಿದ್ದರು.

ಈ ಯುದ್ಧದಲ್ಲಿ ಎರಡು ಕಡೆಯಿಂದಲೂ ಗಾಯವಾದದ್ದು ನನ್ನ ಹೆಸರಿಗೆ. ಶಾಲೆಯ ದಾಖಲೆಯಲ್ಲಿ ನಾನು ನಂಜುಂಡ. ಅವ್ವನಿಗೆ, ಅವ್ವನ ತೌರಿಗೆ ನಾನು ನರಸಿಂಹ. ಅಪ್ಪ ಹಿತ್ತಲಿಂದ ಒಂದು ಹೆಸರು, ಅವ್ವ ಒಳಗಿನಿಂದ ಇನ್ನೊಂದು ಹೆಸರು ಕೂಗಿದರೆ, ಇಬ್ಬರೂ ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ನಾನು ನೆಮ್ಮದಿಯಾಗಿ ಹೊಳೆಯ ಮೆಟ್ಟಿಲಿಗೆ ಓಡುತ್ತಿದ್ದೆ. ಅಲ್ಲಿ ನಮಗೊಂದು ಆಟವಿತ್ತು. ಮುಡಿ ಕೊಟ್ಟು, ಬೋಳುತಲೆಗೆ ಗಂಧ ಬಳಿದುಕೊಂಡು, ಒದ್ದೆ ಪಂಚೆಯಲ್ಲಿ ಬರುವ ಸಂಸಾರದಲ್ಲಿ ಅಪ್ಪ ಯಾರು ಚಿಕ್ಕಪ್ಪ ಯಾರು ಎಂದು ಗುರುತಿಸುವುದು. ಕೂದಲು ಹೋದಮೇಲೆ ಗಂಡಸರೆಲ್ಲ ಒಂದೇ ಥರ ಕಾಣುತ್ತಾರೆ, ಸ್ವತಃ ಅವರ ಮಕ್ಕಳೇ ಬೇರೆಯವರ ಕೈ ಹಿಡಿದದ್ದನ್ನು ನಾನು ನೋಡಿದ್ದೇನೆ.

ಬೇಸಿಗೆ ರಜೆಯಲ್ಲಿ ಹೆಮ್ಮಿಗೆಗೆ ಹೋದರೆ ಸೋದರಮಾವ ಪುಟ್ಟಸ್ವಾಮಿ ನರಸೀಪುರದ ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದ. ಅರ್ಚಕರು ದೀಪ ಎತ್ತಿ ಸ್ವಾಮಿಯ ಬೆರಳಿನ ಹತ್ತಿರ ಹಿಡಿಯುತ್ತಿದ್ದರು. ಗುಲಗಂಜಿ ಕಾಣಿಸಿತೇ ಎಂದು ಮಾವ ಕೇಳುತ್ತಿದ್ದ. ಸುತ್ತಲಿನವರೆಲ್ಲ ಕಂಡಿತು ಕಂಡಿತು ಎಂದು ಕೆನ್ನೆ ಬಡಿದುಕೊಳ್ಳುತ್ತಿದ್ದರು. ನನಗೆ ದೀಪದ ಹೊಗೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕಂಡಿತು ಮಾವ ಎಂದು ನಾನೂ ಕೆನ್ನೆ ಬಡಿದುಕೊಳ್ಳುತ್ತಿದ್ದೆ. ದೇವರ ಎದುರಿಗೇ ಹೇಳಿದ ಮೊದಲ ಸುಳ್ಳು ಅದು, ಪ್ರತಿ ಬೇಸಿಗೆಯಲ್ಲೂ ಅದನ್ನು ಹೊಸದು ಮಾಡುತ್ತಿದ್ದೆ.

ಅವ್ವ ನನ್ನನ್ನು ನರಸಿಂಹ ಎಂದು ಕರೆಯುತ್ತಿದ್ದಳು ಎಂದೆ. ಅದು ನನ್ನ ಬರವಣಿಗೆಯ ಔದಾರ್ಯ. ಅವಳ ಬಾಯಲ್ಲಿ ನಾನು ನರಸಿಂವ. ನಮ್ಮ ಸೀಮೆಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲು, ಹಳ್ಳಿ ಅಳ್ಳಿ, ಹೋಗು ಓಗು. ಹೀಗಿರುವ ನಾಡಿನಲ್ಲಿ ನಾನು ಬೆಳೆದು ಆದದ್ದೇನು ಎಂದರೆ ಕನ್ನಡ ಮೇಷ್ಟ್ರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಮಕ್ಕಳ ಬಾಯಿಗೆ ಹಕಾರ ತುಂಬುವುದೇ ನನ್ನ ಕಸುಬು. ಉಕ್ತಲೇಖನದಲ್ಲಿ ನಾನು ಹಕ್ಕಿ ಹಾಡಿತು ಎಂದರೆ ಅವರು ಅಕ್ಕಿ ಆಡಿತು ಎಂದು ಬರೆಯುತ್ತಿದ್ದರು. ಬೈದು, ತಿದ್ದಿ, ನೂರು ಸಲ ಬರೆಸಿದಮೇಲೆ ಹುಷಾರಾಗಿ ಎಲ್ಲ ಕಡೆಯೂ ಹಕಾರ ಹಾಕಲು ಶುರು ಮಾಡಿದರು. ಒಬ್ಬ ಹುಡುಗಿ ಪರೀಕ್ಷೆಯಲ್ಲಿ "ನಮ್ಮ ಹಪ್ಪ ಹಾನೆ ನೋಡಿದರು" ಎಂದು ಬರೆದಿದ್ದಳು. ಅಂದು ನಾನು ಕೆಂಪು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದೆ. ಶಾಲೆಯಲ್ಲಿ ಹೀಗೆ ಹೋರಾಡಿ ಮನೆಗೆ ಬಂದರೆ ಅವ್ವ ಬಾಗಿಲಲ್ಲೇ, ಉಳ್ಳಿ ಸಾರು ಮಾಡಿವ್ನಿ ಓಗಿ ಕೈ ತೊಳ್ಕೋ ಎನ್ನುತ್ತಿದ್ದಳು. ಅವಳನ್ನು ತಿದ್ದಲು ಹೋಗಿ ಒಂದು ಸಲ ಊಟ ತಡವಾಯಿತು. ಆಮೇಲೆ ಬಿಟ್ಟೆ.

ಅವ್ವನ ಬಳಿ ಇನ್ನೊಂದು ಅಸ್ತ್ರವಿತ್ತು. ಅದನ್ನು ತೆಗೆದರೆ ಮಾತ್ರ ಅಪ್ಪ ಎದುರಾಡುತ್ತಿರಲಿಲ್ಲ, ಎದ್ದು ಎಮ್ಮೆಯ ಕಡೆ ಹೋಗಿಬಿಡುತ್ತಿದ್ದರು. ನನಗೆ ಒಂಬತ್ತು ವರ್ಷವಿದ್ದಾಗ ತಂಗಿ ಹುಟ್ಟಿದಳು. ಹೆರಿಗೆಯಾದಮೇಲೆ ಅವ್ವನಿಗೆ ಜ್ವರ ಏರಿ ಮೈಸೂರಿನ ಆಸ್ಪತ್ರೆಯಲ್ಲಿ ಎಂಟು ದಿನ ಪ್ರಜ್ಞೆ ಬಂದು ಹೋಗಿ ಮಾಡುತ್ತಿತ್ತು. ಉಳಿಯುವುದು ಕಷ್ಟವೆಂದು ಹೇಳಿ ನನ್ನನ್ನು ಹೆಮ್ಮಿಗೆಗೆ ಕಳಿಸಿದ್ದರು. ಆ ದಿನಗಳ ಕಥೆಯನ್ನು ಅವ್ವ ಐವತ್ತು ವರ್ಷ ಒಂದೇ ರೀತಿಯಲ್ಲಿ ಹೇಳಿದಳು: "ನಾನು ಸಾಯ್ತಾ ಬಿದ್ದಿವ್ನಿ. ನಿಮ್ಮಪ್ಪ ಪಕ್ಕದಲ್ಲಿ ಕುಂತ್ಕಂಡು ಏಳ್ತೀನಿ ಏಳ್ತೀನಿ ಅಂತಾವ್ರೆ. ಎಮ್ಮೆ ಕರೆಯೋ ಒತ್ತಾಗಿತ್ತಲ್ಲ. ಎದ್ದೋಗ್ಬ್ಯಾಡಿ ಅಂತ ಅಂಗಿ ಚುಂಗು ಇಡ್ಕಂಡೆ." ಕೇಳಿದವರೆಲ್ಲ ನಗುತ್ತಿದ್ದರು, ಅವ್ವನೂ ನಗುತ್ತಿದ್ದಳು. ಆದರೆ ಆ ನಗು ಪೂರ್ತಿ ನಗುವಲ್ಲ ಎಂಬುದು ಮಗನಾದ ನನಗೆ ಗೊತ್ತಿತ್ತು. ಸಾಯುವವಳ ಪಕ್ಕದಿಂದ ಎಮ್ಮೆಗಾಗಿ ಏಳಲು ಹೊರಟವನು ಎಂಬ ನೋವು ಅದರೊಳಗೆ ಹಾಗೇ ಇತ್ತು.

ಗಂಟಿನ ವಿಷಯಕ್ಕೆ ಬರುತ್ತೇನೆ. ಅಪ್ಪನ ಟ್ರಂಕು, ಅಪ್ಪನ ಡಬ್ಬಿ, ಅಂದಮೇಲೆ ದೇವರು ನಂಜುಂಡನೇ ಎಂದು ಅವ್ವ ಲೆಕ್ಕ ಹಾಕಿದಳು. ನನಗೆ ಚಿಕ್ಕಂದಿನಲ್ಲಿ ದಡಾರ ಬಂದಿತ್ತು, ಆಗ ಮುಡಿ ಕೊಡಿಸುವುದಾಗಿ ಹೊತ್ತು ಮರೆತಿರಬೇಕು ಎಂದಳು. ಅಲ್ಲಿಗೆ ಆಪರೇಷನ್ನಿನ ಮೊದಲು ಕೂದಲು ತೆಗೆಸಬೇಕಾದವನು ನಾನು ಎಂದಾಯಿತು. ನನ್ನ ತಲೆಯ ಪರಿಸ್ಥಿತಿ ನಿಮಗೆ ಗೊತ್ತಿಲ್ಲ. ಕಿವಿಯ ಮೇಲೆ ಎರಡು ಕಡೆ, ಹಿಂದೆ ಒಂದು ಗೆರೆ, ಅಷ್ಟೇ ನನ್ನ ಆಸ್ತಿ. ರತ್ನ ಅದರ ಕಡೆ ಒಮ್ಮೆ ನೋಡಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ಹೊಳೆಯ ದಡದಲ್ಲಿ ಸಾಲಿಗೆ ನಿಂತೆ. ನನ್ನ ಸರದಿ ಬಂದಾಗ ಕ್ಷೌರಿಕ ತಲೆಗೆ ನೀರು ತಟ್ಟಿ, ಕತ್ತಿ ಎತ್ತಿದ. "ಸಾ, ಮುಡಿ ಕೊಡಾಕೆ ಬಂದಿದ್ದೀರೋ, ಕೇಳಾಕೆ ಬಂದಿದ್ದೀರೋ?" ಎಂದ. ಹಿಂದೆ ನಿಂತವರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ, ತಾಂಡ್ಯದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವನು. ಅವನು ಗೌರವದಿಂದ ಹೊಳೆಯ ಕಡೆ ತಿರುಗಿಕೊಂಡ, ಭುಜ ಮಾತ್ರ ಅಲುಗಾಡುತ್ತಿತ್ತು.

ಮಿಂದು, ಅವ್ವನನ್ನು ದೇವಸ್ಥಾನದ ಕಂಬಕ್ಕೆ ಒರಗಿಸಿ ಕೂರಿಸಿ, ಹುಂಡಿಯ ಮುಂದೆ ಗಂಟು ಬಿಚ್ಚಲು ಕೂತೆವು. ಉಗುರಿನಿಂದ ಆಗದೆ ಹಲ್ಲಿನಿಂದ ಬಿಡಿಸಿದೆ. ಒಳಗೆ ನಾಣ್ಯವಿರಲಿಲ್ಲ. ಅಂಗೈಗೆ ಉರುಳಿದ್ದು ಒಂದು ಗುಲಗಂಜಿ. ಕೆಂಪು ಕೆಂಪಾಗಿಯೇ ಇತ್ತು, ಕಪ್ಪು ಕಪ್ಪಾಗಿಯೇ ಇತ್ತು.

ಅವ್ವ ಅದನ್ನು ನೋಡಿ, ನಂಜುಂಡನ ಗರ್ಭಗುಡಿಯ ಕಡೆ ನೋಡಿ, ಕೊನೆಗೆ ನನ್ನ ಬೋಳುತಲೆ ನೋಡಿದಳು. "ಇದು ನಮ್ಮೋನ್ದು ಕಣ್ಲಾ," ಎಂದಳು, ಗೆದ್ದ ದನಿಯಲ್ಲಿ. ಗೆದ್ದ ಸಂತೋಷ ದೇವಸ್ಥಾನದ ಹೊರಬಾಗಿಲವರೆಗೆ ಇತ್ತು. ಅಲ್ಲಿ ಅವಳ ಮುಖ ಬಾಡಿತು. ನಂಜನಗೂಡಿನ ಮನೆಯಲ್ಲಿ, ಗುಲಗಂಜಿ ಎಂದರೆ ನಗುತ್ತಿದ್ದ ಮನುಷ್ಯನ ಡಬ್ಬಿಯಲ್ಲಿ, ನರಸಿಂಹನ ಮುಡಿಪು ಏಕೆ? ಹೊತ್ತದ್ದು ಏನನ್ನು? ಅದು ಗೊತ್ತಾಗದೆ ತೀರಿಸುವುದು ಹೇಗೆ? ಆಪರೇಷನ್ನಿಗೆ ಒಂದೇ ವಾರ ಉಳಿದಿತ್ತು, ನನಗೆ ಕೂದಲೂ ಉಳಿದಿರಲಿಲ್ಲ.

ನಾನು ಪುಟ್ಟಸ್ವಾಮಿ ಮಾವನಿಗೆ ಫೋನು ಮಾಡಿದೆ. ಗುಲಗಂಜಿ ಎಂದೊಡನೆ, ಫೋನಿನಲ್ಲಿ ಬೇಡ, ನಾನೇ ಬರುತ್ತೇನೆ ಎಂದ. ಮಾರನೆಯ ದಿನ ಮೊದಲ ಬಸ್ಸಿಗೇ ಬಂದ. ಎಪ್ಪತ್ತು ದಾಟಿದ ಮಾವ ಕಾಲು ತೊಳೆದು ಒಳಗೆ ಬಂದು, ನನ್ನ ತಲೆ ನೋಡಿ ಗಾಬರಿಯಾಗಿ ಯಾರಿಗೇನಾಯಿತು ಎಂದು ಕೇಳಿದ. ಯಾರಿಗೂ ಏನೂ ಆಗಿಲ್ಲ, ವಿಳಾಸ ತಪ್ಪಿತು ಎಂದೆ. ಅಕ್ಕನ ಮಂಚದ ಪಕ್ಕ ಕೂತು, ಟವೆಲಿನಿಂದ ಎರಡು ಸಲ ಮುಖ ಒರೆಸಿಕೊಂಡು, ಮಾವ ಹೇಳತೊಡಗಿದ.

ಅವ್ವನಿಗೆ ಜ್ವರ ಬಂದ ಆ ದಿನಗಳಲ್ಲಿ ಇಪ್ಪತ್ತು ವರ್ಷದ ಮಾವನೇ ಆಸ್ಪತ್ರೆಗೆ ಗಂಜಿ ತಂದು ಕೊಡುತ್ತಿದ್ದವನು. ಆರನೆಯ ದಿನ ಅಪ್ಪ ಅವನನ್ನು ಹೊರಗೆ ಕರೆದು, ನಾಳೆ ಬರುವಾಗ ಬೇಲಿಯಿಂದ ಒಂದು ಗುಲಗಂಜಿ ಕಿತ್ತು ತಾ ಎಂದರಂತೆ. ತಂದಾಗ ಅರಿಶಿನ ಬಟ್ಟೆಯಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡರಂತೆ.

"ಕಾಸು ಕಟ್ಟಿ ಭಾವ ಅಂದೆ. ನಿಮ್ಮ ನರಸಿಂವಂಗೆ ಕಾಸ್ಯಾಕ್ಲಾ, ನಿಮ್ಮಕ್ಕ ಉಳುದ್ರೆ ಅವನ ಬಾಗ್ಲಲ್ಲಿ ನಿಂತ್ಕಂಡು, ಕಾಶಿಗಿಂತ ನೀನೇ ಗುಲಗಂಜಿ ತೂಕ ಎಚ್ಚು ಅಂತ ಬಾಯ್ಬುಟ್ಟು ಏಳ್ತೀನಿ ಅಂತ ಒತ್ಕಂಡಿವ್ನಿ ಅಂದ್ರು. ಅವತ್ತೆಲ್ಲಾ ನಿನ್ ಪಕ್ಕದಲ್ಲಿ ಕುಂತು ಅದನ್ನೇ ಜಪ ಮಾಡ್ತಿದ್ರು ಕಣಕ್ಕ. ಏಳ್ತೀನಿ ಕಣಪ್ಪ, ಏಳ್ತೀನಿ ಏಳ್ತೀನಿ ಅಂತ."

ರತ್ನ ಹೊರಗೆ ಹೋಗಿ, ಗೋಡೆ ಉಜ್ಜುತ್ತಿದ್ದ ಬಣ್ಣದವರಿಗೆ ನಿಲ್ಲಿಸಲು ಹೇಳಿದಳು.

ಅವ್ವನಿಗೆ ಗುಣವಾದಮೇಲೆ ಅಪ್ಪ ಎಷ್ಟೋ ಸಲ ನರಸೀಪುರಕ್ಕೆ ಹೋದರಂತೆ. ಪ್ರತಿ ಸಲವೂ ಬಾಗಿಲವರೆಗೆ ಹೋಗುವುದು, ಹಿಂದೆ ಮಾವನ ಮನೆಯವರೆಲ್ಲ ನಿಂತಿರುವುದು ನೋಡಿ ಬಾಯಿ ಬರದೆ ಬರುವ ವರ್ಷ ಹೇಳುತ್ತೇನೆ ಎಂದು ತಿರುಗುವುದು. ಅಕ್ಕನಿಗೆ ಹೇಳಕೂಡದು ಎಂದು ಮಾವನ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದರು. ಅವಳು ಬದುಕಿರುವವರೆಗೂ ಒಲೆಯ ಮುಂದೆ ಅದನ್ನೇ ಆಡುತ್ತಾಳೆ ಎಂಬ ಭಯ. ಭಯ ನ್ಯಾಯವಾದದ್ದೇ.

ಅವ್ವ ಗುಲಗಂಜಿಯನ್ನು ಎಡಗೈಯಿಂದ ಬಲಗೈಗೆ ಹಾಕಿಕೊಂಡಳು. "ಎದ್ದೋಗ್ತೀನಿ ಅಂತಾವ್ರೆ ಅಂದ್ಕಂಡಿದ್ದೆ ಕಣೋ," ಎಂದಳು. "ಐವತ್ತು ವರ್ಸ ಎಲ್ರ ಮುಂದೂ ಅಂಗೇ ಅಂದೆ," ಎಂದಳು. ಆಮೇಲೆ ಅತ್ತಳು. ಅಪ್ಪ ಹೋದ ದಿನ ಇಷ್ಟು ಅತ್ತಿರಲಿಲ್ಲ.

ನಾನು ಕನ್ನಡ ಮೇಷ್ಟ್ರು. ತಾಲ್ಲೂಕಿನ ಮಕ್ಕಳ ಹಕಾರವನ್ನೆಲ್ಲ ತಿದ್ದಿದವನು. ನನ್ನ ಮನೆಯಲ್ಲೇ ಒಂದು ಹಕಾರ ಬಿದ್ದುಹೋಗಿ, ಹೇಳುತ್ತೇನೆ ಎಂದ ಗಂಡ ಏಳುತ್ತೇನೆ ಎಂದವನಾಗಿ, ಸತ್ತಮೇಲಿನದೂ ಸೇರಿ ಐವತ್ತು ವರ್ಷ ಮಾತು ಕೇಳಿದ. ನಾನು ಆ ಕಥೆಯನ್ನು ನೂರು ಸಲ ಕೇಳಿ ನೂರು ಸಲವೂ ನಕ್ಕಿದ್ದೆ. ನನಗೆ ನಾಚಿಕೆಯಾಯಿತು.

ಗುರುವಾರ ಕಾರು ಮಾಡಿಕೊಂಡು ನರಸೀಪುರಕ್ಕೆ ಹೋದೆವು. ಅವ್ವ ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಮಾವನ ಭುಜ ಹಿಡಿದು ಮೆಟ್ಟಿಲು ಹತ್ತಿದಳು. ನಾವು ನಾಲ್ಕು ಜನ ಬಿಟ್ಟರೆ ಬೆಳಿಗ್ಗೆ ಹೆಚ್ಚು ಜನವಿರಲಿಲ್ಲ. ತಟ್ಟೆಯ ಹೂವಿನ ನಡುವೆ ಗುಲಗಂಜಿ ಇಟ್ಟು, ಅಪ್ಪ ನಿಂತು ನಿಂತು ತಿರುಗಿದ ಆ ಬಾಗಿಲಲ್ಲಿ ನಿಂತೆ. ಗಂಟಲು ಸರಿ ಮಾಡಿಕೊಂಡು, ಸ್ವಾಮಿ, ನನ್ನ ತಂದೆಯವರ ಪರವಾಗಿ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ ಎಂದು ಶುರು ಮಾಡಿದೆ. ಅವ್ವನ ಕೋಲು ನನ್ನ ಮೀನಖಂಡಕ್ಕೆ ತಗುಲಿತು.

"ಅದೇನ್ಲಾ ಅರ್ಜಿ ಬರೆಯಂಗೆ. ನಿಮ್ಮಪ್ಪ ಏಳ್ದಂಗೆ ಏಳು."

ಮೂವತ್ತೊಂದು ವರ್ಷದ ಸರ್ವೀಸು ಗಂಟಲಲ್ಲಿ ಅಡ್ಡ ನಿಂತಿತು. ಅದನ್ನು ನುಂಗಿಕೊಂಡೆ. "ಕಾಶಿಗಿಂತ ನೀನೇ ಗುಲಗಂಜಿ ತೂಕ ಎಚ್ಚು ಕಣಪ್ಪ," ಎಂದೆ. ಹಕಾರವಿಲ್ಲದ ಆ ದನಿ ನನ್ನದಾಗಿರಲಿಲ್ಲ, ಅಪ್ಪನದೇ ಆಗಿತ್ತು. ಅವ್ವ ಕಣ್ಣು ಮುಚ್ಚಿಕೊಂಡಳು.

ಅರ್ಚಕರು ದೀಪ ಎತ್ತಿ ಸ್ವಾಮಿಯ ಬೆರಳಿನ ಹತ್ತಿರ ಹಿಡಿದರು. ಕಾಣ್ತಾ ಎಂದು ಮಾವ ಹಳೆಯ ಅಭ್ಯಾಸದಂತೆ ಕೇಳಿದ. ಈ ಸಲವೂ ಕಾಣಲಿಲ್ಲ. ಕಣ್ಣಲ್ಲಿ ನೀರಿತ್ತು. ಇಲ್ಲ ಮಾವ, ಕಾಣಲಿಲ್ಲ ಎಂದು ಮೊದಲ ಸಲ ನಿಜ ಹೇಳಿದೆ.

ಹಿಂದಿರುಗುವಾಗ ನಂಜನಗೂಡಿನ ಗೋಪುರ ಕಂಡೊಡನೆ ಅವ್ವ ಕಾರು ನಿಲ್ಲಿಸಲು ಹೇಳಿದಳು. ಇಳಿಯಲಿಲ್ಲ. ಕಿಟಕಿಯಿಂದಲೇ ಕೈ ಮುಗಿದು, "ಒಂದೇ ಒಂದು ಗುಲಗಂಜಿ ತಾನೆ, ಬೇಜಾರು ಮಾಡ್ಕಬ್ಯಾಡಿ," ಎಂದಳು. ಅವ್ವ ಎಂದೂ ದೇವರಿಗೆ ಬಹುವಚನ ಹಚ್ಚಿದವಳಲ್ಲ. ಅವಳ ಬಹುವಚನವೆಲ್ಲ ಅಪ್ಪನಿಗೇ ಇದ್ದದ್ದು.

ಆಪರೇಷನ್ ಹೇಳಿದ ದಿನವೇ ಆಯಿತು. ಮಾರನೆಯ ಬೆಳಿಗ್ಗೆ ಕಾಲಿಗೆ ವ್ಯಾಯಾಮ ಮಾಡಿಸುವ ಹುಡುಗಿ ಬಂದು, ಅಜ್ಜಿ, ಇವತ್ತು ನಿಂತುಕೊಳ್ಳಬೇಕು, ಏಳಿ ಎಂದಳು. ಅವ್ವ ಹಾಸಿಗೆಯ ಅಂಚಿಗೆ ಬಂದು, ಎರಡು ಕಾಲು ಕೆಳಗೆ ಬಿಟ್ಟು, ನನ್ನ ಅಂಗಿಯ ಚುಂಗು ಗಟ್ಟಿಯಾಗಿ ಹಿಡಿದುಕೊಂಡಳು. ಹೆದರಿದ್ದಾಳೆ ಎಂದು ಕೈಯ ಬಿಗಿಯಲ್ಲೇ ಗೊತ್ತಾಯಿತು. ನೋಯುತ್ತದಾ ಅಜ್ಜಿ, ನಾಳೆ ಏಳುತ್ತೀರಾ ಎಂದು ಹುಡುಗಿ ಮೆತ್ತಗೆ ಕೇಳಿದಳು.

"ಏಳ್ತೀನಿ ಇರವ್ವ," ಎಂದಳು ಅವ್ವ. "ನಮ್ಮನೇವ್ರು ಏಳ್ತೀನಿ ಅಂದು ಐವತ್ತು ವರ್ಸ ಮಾಡುದ್ರು. ನಾನು ಈಗ್ಲೇ ಏಳ್ತೀನಿ."

ಹುಡುಗಿಗೆ ಅರ್ಥವಾಗಲಿಲ್ಲ. ಅವ್ವ ಎದ್ದು ನಿಂತಳು.